ಒಣಹೊಳೆಯ ಈಜುಗಾರರು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಜನ ಈಜು ಕಲಿತದ್ದು ಹೆಚ್ಚಾಗಿ ಬಾವಿಯಲ್ಲಿ. ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿರುವ ಈ ಎರಡು ತಾಲ್ಲೂಕುಗಳು ಕರ್ನಾಟಕದಲ್ಲೇ ಮಳೆ ಅತಿ ಕಡಿಮೆ ಬೀಳುವ ಭಾಗಕ್ಕೆ ಸೇರಿವೆ. ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅದರಲ್ಲೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಹೊಳೆಯೆಂದು ಹೇಳಿಕೊಳ್ಳಲು ಚಳ್ಳಕೆರೆಯ ಕಡೆ ವೇದಾವತಿ, ಮೊಳಕಾಲ್ಮೂರಿನ ಕಡೆ ಚಿನ್ನಹಗರಿ. ಎರಡೂ ವರ್ಷದ ಬಹುಕಾಲ ಬರೀ ಮರಳ ಹಾಸು. ನೀರು ಬಂದ ದಿನ ಮಾತ್ರ ಅವು ಹೊಳೆಗಳು, ಆ ದಿನ ಅವನ್ನು ದಾಟುವುದು ಪ್ರಾಣದ ಮಾತು. ಮೀನಿನ ಮರಿಗೆ ಈಜು ಕಲಿಸಬೇಕೆ ಎಂಬ ಗಾದೆ ಈ ಸೀಮೆಯಲ್ಲೂ ಇದೆ. ಆದರೆ ಇಲ್ಲಿಯ ಮಕ್ಕಳಿಗೆ ಹಗ್ಗ ಕಟ್ಟಿ ಕಲಿಸಲೇಬೇಕಾಗಿತ್ತು.

ವೇದಾವತಿ ಹುಟ್ಟುವುದು ಮಲೆನಾಡಿನ ಸೆರಗಿನಲ್ಲಿ. ಚಂದ್ರದ್ರೋಣ ಪರ್ವತದ ಇಳಿಜಾರಿನಿಂದ ಬರುವ ವೇದಾ ಎಂಬ ತೊರೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ, ಅವತಿ ಎಂಬ ತೊರೆ ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಒಂದಾಗುತ್ತವೆ. ಅಲ್ಲಿಂದ ಹೊಳೆ ಹೊಸದುರ್ಗ, ಹಿರಿಯೂರು ತಾಲ್ಲೂಕುಗಳನ್ನು ದಾಟಿ, ಬೆಳಗೆರೆ, ಪರಶುರಾಂಪುರದ ಸೀಮೆಯಲ್ಲಿ ಚಳ್ಳಕೆರೆ ತಾಲ್ಲೂಕನ್ನು ಹಾದು ಆಂಧ್ರದ ನೆಲಕ್ಕೆ ಇಳಿಯುತ್ತದೆ. ಅನಂತಪುರ ಜಿಲ್ಲೆಯಲ್ಲಿ ಭೈರವಾನಿತಿಪ್ಪ ಅಣೆಕಟ್ಟು ಅದನ್ನು ತಡೆದು ನಿಲ್ಲಿಸುತ್ತದೆ. ಬಳ್ಳಾರಿ ಜಿಲ್ಲೆಗೆ ಮರಳುವ ಹೊತ್ತಿಗೆ ಅದಕ್ಕೆ ಹಗರಿ ಎಂಬ ಹೆಸರೇ ಗಟ್ಟಿಯಾಗಿರುತ್ತದೆ. ಕೊನೆಗೆ ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಇಷ್ಟು ದೂರ ಹರಿದು ಬರುವ ಹೊಳೆಯ ನೀರು ತಲೆಯಲ್ಲಿ ಹುಟ್ಟಿ ಹೊಟ್ಟೆಯಲ್ಲಿ ಇಂಗಿಹೋಗುತ್ತದೆ. ಚಳ್ಳಕೆರೆಗೆ ತಲುಪುವಾಗ ಉಳಿದಿರುವುದು ಮರಳು, ಮತ್ತು ಮರಳಿನಡಿಯ ತೇವ. ಬೇಸಿಗೆಯಲ್ಲಿ ಆ ಮರಳನ್ನು ಕೈಯಲ್ಲಿ ತೋಡಿ ಚಿಲುಮೆ ಮಾಡಿ, ಒಸರಿದ ನೀರನ್ನು ಬಟ್ಟಲಲ್ಲಿ ಮೊಗೆದು ಕೊಡ ತುಂಬಿಸಿದ ಊರುಗಳು ದಂಡೆಯುದ್ದಕ್ಕೂ ಇವೆ.

ಚಿನ್ನಹಗರಿ ಅದಕ್ಕಿಂತ ಚಿಕ್ಕದು, ಅದರ ದಡದ ಚರಿತ್ರೆ ಮಾತ್ರ ದೊಡ್ಡದು. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದಾಗ, ಮೌರ್ಯರ ಕಾಲದ ಇಸಿಲ ಎಂಬ ಪಟ್ಟಣ ಇಲ್ಲಿತ್ತೆಂಬುದು ಬೆಳಕಿಗೆ ಬಂತು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಇಳಿಜಾರನ್ನು ಅಗೆಸಿದಾಗ, ಅಶೋಕನಿಗಿಂತ ಎಷ್ಟೋ ಹಿಂದಿನ ಕಲ್ಲಿನ ಕೊಡಲಿಯ ಕಾಲದಿಂದಲೂ ಜನ ಅಲ್ಲಿ ನೆಲೆಸಿದ್ದು ತಿಳಿಯಿತು. ಬೆಟ್ಟದ ತಪ್ಪಲಿಗೂ ಹಳ್ಳಕ್ಕೂ ನಡುವಿನ ಆ ಜಾಗ ಲೆಕ್ಕಾಚಾರದಿಂದ ಆರಿಸಿಕೊಂಡಂತಿದೆ: ನೀರು ಬೇಕೆನಿಸಿದಾಗ ಹಳ್ಳ ಹತ್ತಿರ, ಹಳ್ಳ ಉಕ್ಕಿದಾಗ ಬೆಟ್ಟ ಹತ್ತಿರ. ದಾರಿಯುದ್ದಕ್ಕೂ ಬಾವಿ ತೋಡಿಸಿದೆನೆಂದು ಅಶೋಕ ಹೇಳಿಕೊಳ್ಳುವ ಎರಡನೆಯ ಬಂಡೆಶಾಸನ ಇಲ್ಲಿ ಸಿಕ್ಕಿಲ್ಲ, ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಸಿಕ್ಕಿದೆ. ಬಾವಿಯ ಸುದ್ದಿ ಹೆಚ್ಚು ಬೇಕಾಗಿದ್ದ ಇಸಿಲಕ್ಕೆ ಬಂದದ್ದು ತಾಯಿತಂದೆಗಳ ಮಾತು ಕೇಳಿ, ಸತ್ಯ ನುಡಿಯಿರಿ ಎಂಬ ಉಪದೇಶ.

ನೀರಿಲ್ಲದ ನಾಡಿನ ಊರ ಹೆಸರುಗಳಲ್ಲಿ ನೀರು ತುಂಬಿ ತುಳುಕುತ್ತದೆ. ಚಳ್ಳಕೆರೆ, ಸಾಣಿಕೆರೆ, ಬೆಳಗೆರೆಗಳಲ್ಲಿ ಕೆರೆ. ದೊಡ್ಡೇರಿಯಲ್ಲಿ ಏರಿ. ನೇರಲಗುಂಟೆಯಲ್ಲಿ ಕುಂಟೆ. ಗೌರಸಮುದ್ರ, ದೇವಸಮುದ್ರ, ನಾಗಸಮುದ್ರ, ಕೋನಸಾಗರಗಳಲ್ಲಂತೂ ಸಮುದ್ರವೇ ಇದೆ. ಕೆರೆ ಕಟ್ಟಿಸಿದವನು ಅದಕ್ಕೆ ಸಮುದ್ರವೆಂದು ಹೆಸರಿಡುವುದು ದಕ್ಷಿಣದಲ್ಲೆಲ್ಲ ಇದ್ದ ರೂಢಿ. ಆದರೆ ಕಡಲನ್ನು ಕನಸಲ್ಲೂ ಕಾಣದ ಬಯಲಿನಲ್ಲಿ ಆ ಹೆಸರಿಗೆ ಬರುವ ತೂಕವೇ ಬೇರೆ.

ಈ ಕೆರೆಗಳ ಕಾಲಕ್ಕೆ ಒಂದೇ ತಾರೀಕು ಹೇಳಲಾಗದು. ನೊಳಂಬವಾಡಿಯ ಕಾಲದಿಂದ ವಿಜಯನಗರದ ಕಾಲ, ದುರ್ಗದ ಪಾಳೆಯಗಾರರ ಕಾಲದವರೆಗೆ ಕಟ್ಟುತ್ತ, ಒಡೆಯುತ್ತ, ಮತ್ತೆ ಕಟ್ಟುತ್ತ ಬಂದವು ಅವು. ಕೆರೆ ಕಟ್ಟಿದವರಿಗೆ ಬಿಟ್ಟ ಭೂಮಿ ಕಟ್ಟುಗೊಡಗೆ, ಕೆರೆಯ ರಿಪೇರಿಗೆಂದು ಬೆಳೆಯ ಪಾಲನ್ನು ಮೀಸಲಿಟ್ಟದ್ದು ಬಿತ್ತುವಟ್ಟ. ಕನ್ನಡ ಶಾಸನಗಳಲ್ಲಿ ಈ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಕೆರೆ ಕಟ್ಟುವುದೇ ಭಕ್ತಿಯ ದಾರಿಯಾಯಿತು. ಅಲ್ಲಿ ನೆಲೆಸಿದ ಗುರು ತಿಪ್ಪೇರುದ್ರಸ್ವಾಮಿ ಸುತ್ತಿನ ಕೆರೆಗಳನ್ನು ಜನರ ಕೈಯಲ್ಲೇ ಕಟ್ಟಿಸಿದರೆಂದೂ, ಹೊತ್ತ ಮಣ್ಣಿಗೆ ಸರಿಯಾದ ಕೂಲಿ ಕೊಟ್ಟರೆಂದೂ ಜನ ಇಂದಿಗೂ ಹೇಳುತ್ತಾರೆ. ನಾಡಿನ ದೊಡ್ಡ ಜಾತ್ರೆಗಳಲ್ಲೊಂದಾದ ಅವರ ಜಾತ್ರೆಗೆ ಸೇರುವ ಲಕ್ಷಾಂತರ ಮಂದಿಗೆ ಅವರು ಪವಾಡಪುರುಷರಷ್ಟೇ ಅಲ್ಲ, ಕೆರೆ ಕಟ್ಟಿದ ಗುರುವೂ ಹೌದು.

ಕೆರೆಯ ಜೊತೆಗೆ ಒಬ್ಬ ಈಜುಗಾರನೂ ಹುಟ್ಟಿಕೊಂಡ. ಅವನೇ ನೀರುಗಂಟಿ. ಗದ್ದೆಗೆ ನೀರು ಹಾಯಿಸುವುದು, ಸರದಿ ನೋಡಿಕೊಳ್ಳುವುದು, ಏರಿಯ ಮೇಲೆ ಕಣ್ಣಿಡುವುದು ಅವನ ಕೆಲಸ. ಕೂಲಿ ಧಾನ್ಯದ ರೂಪದಲ್ಲಿ ಕಣದಲ್ಲೇ ಸಲ್ಲುತ್ತಿತ್ತು. ಹಳೆಯ ಕೆರೆಗಳ ತೂಬು ಏರಿಯಿಂದ ಒಳಕ್ಕೆ, ನೀರಿನ ನಡುವೆ ಇರುತ್ತದೆ. ಎರಡು ಕಲ್ಲುಕಂಬ ನೆಟ್ಟು, ಅವುಗಳ ನಡುವೆ ಅಡ್ಡಗಲ್ಲು ಕೂರಿಸಿ, ಆ ಕಲ್ಲಿನ ತೂತಿನಿಂದ ಉದ್ದದ ಮರದ ಗಳ ಇಳಿಬಿಟ್ಟು, ಗಳದ ತುದಿಯ ಬಿರಡೆಯಿಂದ ತಳದ ಕಂಡಿಯನ್ನು ಮುಚ್ಚುತ್ತಿದ್ದರು. ಕೆರೆ ತುಂಬಿದಾಗ ಅದನ್ನು ಎತ್ತಬೇಕಾದರೆ ನೀರುಗಂಟಿ ಕಂಬದವರೆಗೆ ಈಜಿಕೊಂಡೇ ಹೋಗಬೇಕು. ಬಿರಡೆ ಕಚ್ಚಿಕೊಂಡರೆ ಮುಳುಗಿ ಬಿಡಿಸಬೇಕು. ಬಿರಡೆ ಎದ್ದ ಕ್ಷಣ ತಳದಲ್ಲಿ ನೀರು ಕಂಡಿಯ ಕಡೆಗೆ ಸೆಳೆಯುತ್ತದೆ, ಆ ಸೆಳೆತಕ್ಕೆ ಕೈಯೋ ಕಾಲೋ ಸಿಕ್ಕಿದರೆ ಉಳಿಯುವುದು ಕಷ್ಟ. ಊರಿಗೆಲ್ಲ ಈಜು ಬಂದರೂ ಬಾರದಿದ್ದರೂ ನೀರುಗಂಟಿಯ ಮನೆಗೆ ಬರಲೇಬೇಕಾಗಿತ್ತು. ಈ ಸೀಮೆಯಲ್ಲಿ ಈಜು ಕಸುಬಾಗಿ ನಿಂತದ್ದು ಹೀಗೆ.

ತೂಬಿನ ಕಂಬ ಹುಡುಗರಿಗೂ ಗುರಿಯಾಗಿತ್ತು. ಕೆರೆ ತುಂಬಿದ ವರ್ಷ ಏರಿಯಿಂದ ಹೊರಟು ತೂಬಿನ ಕಲ್ಲು ಮುಟ್ಟಿ ಬರುವುದು, ಇನ್ನೂ ಗಟ್ಟಿಗರಾದರೆ ಆಚೆ ದಡ ಮುಟ್ಟುವುದು ಹಳ್ಳಿಗಳಲ್ಲಿ ತಾನಾಗಿ ಹುಟ್ಟಿದ ಪಂದ್ಯ. ತೆರೆದ ನೀರಿನ ದೂರದ ಈಜಿಗೆ ಈ ಸೀಮೆಯಲ್ಲಿ ಅತಿ ಹತ್ತಿರದ ರೂಪ ಹುಡುಕುವುದಾದರೆ ಇದೇ. ಅದಕ್ಕೆ ತಾರೀಕು ಗೊತ್ತುಮಾಡುತ್ತಿದ್ದುದು ಮಳೆ. ಕೆರೆ ಕೋಡಿ ಬಿದ್ದಾಗ ಊರೇ ನೆರೆದು ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಬಿಡುತ್ತಿತ್ತು. ಅಂಥ ವರ್ಷ ಒಂದು ಬಂದರೆ ಮುಂದಿನದು ಬರುವಷ್ಟರಲ್ಲಿ, ಅಂದು ನೀರಿಗೆ ಹಾರಿದ ಹುಡುಗರಿಗೆ ಮೀಸೆ ಬಂದಿರುವುದೂ ಉಂಟು.

ಅರಮನೆಗಳಿಗೆ ನೀರಾಟವೆಂದರೆ ಬೇರೆಯೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ಅರಸರ ವಿನೋದಗಳಲ್ಲಿ ಸಲಿಲಕ್ರೀಡೆಯನ್ನೂ ಸೇರಿಸುತ್ತದೆ. ಮಹಾಕಾವ್ಯಕ್ಕೆ ಬೇಕಾದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆ ಒಂದು. ಕೊಳ, ತಾವರೆ, ನೀರೆರಚಾಟ ಇಲ್ಲದೆ ಹಳೆಗನ್ನಡದ ಕವಿಗೆ ಕಾವ್ಯ ಮುಗಿಯುತ್ತಿರಲಿಲ್ಲ. ಅದರಲ್ಲಿ ದಡ ಸೇರುವ ಅವಸರ ಯಾರಿಗೂ ಇರುವುದಿಲ್ಲ.

ಕೆರೆ ತುಂಬುವುದನ್ನು ಕಾಯುತ್ತ ಕೂತರೆ ಈಜು ಬಾರದು. ಅದಕ್ಕೆ ಬಾವಿಯೇ ಶಾಲೆ. ಬೋರ್‌ವೆಲ್ ಬರುವ ಮೊದಲು ಈ ಎರಡು ತಾಲ್ಲೂಕುಗಳ ತೋಟ ಬದುಕಿದ್ದು ತೆರೆದ ಬಾವಿಯಿಂದ. ಮಣ್ಣು ತೋಡಿ, ಬಂಡೆ ಸೀಳಿ, ಕಲ್ಲು ಕಟ್ಟಿದವರಲ್ಲಿ ಒಡ್ಡರು ಮುಖ್ಯರು. ಎತ್ತು ಕಟ್ಟಿ ಚರ್ಮದ ದೊಡ್ಡ ಚೀಲದಲ್ಲಿ ನೀರೆತ್ತುವ ಏರ್ಪಾಟಿಗೆ ಕಪಿಲೆ ಎಂದು ಹೆಸರು. ಎತ್ತು ಇಳಿಜಾರಿನಲ್ಲಿ ಕೆಳಕ್ಕೆ ನಡೆದಾಗ ಚೀಲ ಮೇಲೆ ಬರುತ್ತಿತ್ತು, ಹಿಂದಕ್ಕೆ ಹೆಜ್ಜೆಯಿಟ್ಟಾಗ ಬಾವಿಗೆ ಇಳಿಯುತ್ತಿತ್ತು. ಬಾವಿಯ ಒಂದು ಮಗ್ಗುಲಿಗೆ ಇಳಿಯಲು ಮೆಟ್ಟಿಲು, ಅಥವಾ ಗೋಡೆಯಿಂದ ಚಾಚಿದ ಕಲ್ಲುಗಳು. ಮಳೆ ಚೆನ್ನಾಗಿ ಆದ ವರ್ಷ ನೀರು ಕೈಗೆ ಸಿಗುವಷ್ಟು ಮೇಲಿರುತ್ತಿತ್ತು, ಬರಗಾಲದಲ್ಲಿ ತಳ ಕಾಣುತ್ತಿತ್ತು. ಪಾವಗಡ, ಮಧುಗಿರಿಯ ಕಡೆ ತಲಪರಿಗೆ ಎಂದು ಕರೆಯುವ ಊಟೆಯ ಗುಂಡಿಗಳೂ ಇದೇ ಒಣಸೀಮೆಯ ಉಪಾಯ.

ಈಜು ಕಲಿಸುವ ಬಗೆ ಒಂದೇ ತೆರನಾದದ್ದು. ಮಗುವಿನ ಸೊಂಟಕ್ಕೆ ಹಗ್ಗ ಬಿಗಿದು, ಬೆನ್ನಿಗೆ ಬೆಂಡು ಕಟ್ಟಿ, ದೊಡ್ಡವರೊಬ್ಬರು ಮೇಲಿನಿಂದ ಹಿಡಿದು ನೀರಿಗೆ ಇಳಿಬಿಡುವುದು. ಬೆಂಡು ಎಂದರೆ ಒಣಗಿದ ಸೋರೆ ಬುರುಡೆ, ಇಲ್ಲವೆ ಬೇಲಿಯ ಕತ್ತಾಳೆಯ ಒಣಗಿದ ಹೂದಂಟಿನ ತುಂಡು. ಮುಂದೆ ಲಾರಿಯ ಟ್ಯೂಬು, ಎಣ್ಣೆಯ ಪ್ಲಾಸ್ಟಿಕ್ ಡಬ್ಬ ಆ ಜಾಗಕ್ಕೆ ಬಂದವು. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಡಬ್ಬಕ್ಕೆ ಕೊರತೆ ಇರಲಿಲ್ಲ. ಮೊದಲ ವಾರ ನಾಯಿ ಈಜು, ಆಮೇಲೆ ಕಪ್ಪೆಯಂತೆ ಕಾಲು ಬಡಿಯುವುದು, ಕೊನೆಗೆ ಅಂಗಾತ ಮಲಗಿ ತೇಲುವುದು. ಒಂದು ದಿನ ಕಲಿಸುವವನು ಹೇಳದೆ ಕೇಳದೆ ಹಗ್ಗ ಸಡಿಲ ಬಿಡುತ್ತಾನೆ. ಅಲ್ಲಿಗೆ ಕಲಿಕೆ ಮುಗಿಯಿತು, ಉಳಿದದ್ದು ಹಾರುವುದು. ಕಟ್ಟೆಯ ಮೇಲಿಂದ, ಕಪಿಲೆಯ ಕಂಬದ ಮೇಲಿಂದ, ಪಕ್ಕದ ಮರದ ಕೊಂಬೆಯಿಂದ ‘ಡೈ’ ಹೊಡೆಯುವುದೇ ದೊಡ್ಡ ಶೌರ್ಯ. ತಳ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಹಿಡಿ ಕೆಸರು ತರಬೇಕು.

ಬಾವಿಯ ಈಜಿಗೆ ತನ್ನದೇ ಆದ ಗುಣ ಮತ್ತು ಮಿತಿ ಉಂಟು. ನೀರು ನಿಂತದ್ದು, ತಣ್ಣನೆಯದು, ಕತ್ತಲೆಯದು. ನಾಲ್ಕು ಸಲ ಕೈ ಬೀಸಿದರೆ ಎದುರು ಗೋಡೆ. ಅಂಥಲ್ಲಿ ಬೆಳೆಯುವುದು ಆಳದ ಧೈರ್ಯ, ಉಸಿರು ಕಟ್ಟುವ ಶಕ್ತಿ, ಒಂದೇ ಕಡೆ ನಿಂತು ತೇಲುವ ಚಾಕಚಕ್ಯತೆ. ದೂರ ಈಜುವ ದಮ್ಮು ಬೆಳೆಯುವುದಿಲ್ಲ, ಸೆಳವಿನ ಪರಿಚಯ ಆಗುವುದೇ ಇಲ್ಲ. ಬಾವಿಗೆ ಬಿದ್ದ ಕೊಡ ತೆಗೆಯಲು ಮುಳುಗುವವನಿಗೆ ಊರಲ್ಲಿ ಬೆಲೆ ಇತ್ತು. ಅವನಿಲ್ಲದ ಊರಲ್ಲಿ ಕೊಕ್ಕೆಗಳ ಗೊಂಚಲಾದ ಪಾತಾಳಗರಡಿಯನ್ನು ಹಗ್ಗದಲ್ಲಿ ಇಳಿಬಿಟ್ಟು ತಡಕುತ್ತಿದ್ದರು.

ಈ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕುಡಿಯುವ ನೀರಿನ ಬಾವಿಯ ಹತ್ತಿರಕ್ಕೂ ದಲಿತರನ್ನು ಬಿಡದಿದ್ದ ಕಾಲದಲ್ಲಿ, ಮೇಲ್ಜಾತಿಯವರ ತೋಟದ ಬಾವಿಗೆ ಅವರ ಮಕ್ಕಳು ಹಾರುವ ಮಾತೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ಮೈನೆರೆಯುವವರೆಗೆ ಅಲ್ಲಲ್ಲಿ ಅವಕಾಶವಿತ್ತು, ಆಮೇಲೆ ಇಲ್ಲ. ದಿನಕ್ಕೆ ನಾಲ್ಕಾರು ಸಲ ನೀರಿಗೆ ಹೋಗಿಬರುವ ಹೆಂಗಸಿಗೆ ನೀರಿನಲ್ಲಿ ಇರಲು ಬಾರದು, ಅವಳು ತಂದ ನೀರು ಕುಡಿದ ಗಂಡಸಿಗೆ ಬರುತ್ತದೆ. ಕಾಲು ಜಾರಿ ಬಾವಿಗೆ ಬಿದ್ದು ಸತ್ತ ಹೆಂಗಸರ ಹಳೆಯ ಕಥೆಗಳ ಹಿಂದೆ ಈ ಏರುಪೇರು ಇದೆ.

ಇನ್ನು ಹೊಳೆ. ಅದು ಬರುವ ರೀತಿಯೇ ಅಪಾಯದ್ದು. ಇಲ್ಲಿ ಆಕಾಶ ನೀಲಿಯಾಗಿರುವಾಗಲೇ ಮೇಲಿನ ಸೀಮೆಯಲ್ಲೆಲ್ಲೋ ಮಳೆ ಸುರಿದು, ಒಣಗಿದ ಹಾಸಿನ ಮೇಲೆ ಕೆಂಪು ನೀರು ಏಕಾಏಕಿ ಇಳಿದುಬರುತ್ತದೆ. ಮುಂದೆ ನೊರೆ, ಕಸಕಡ್ಡಿ, ಜಾಲಿಮುಳ್ಳಿನ ಕೊಂಬೆ. ಹಿಂದೆ ಹೊಳೆ. ಮರಳ ತಳ ಕಾಲಡಿಯಲ್ಲೇ ಕೊರೆದುಹೋಗುತ್ತದೆ, ನಿನ್ನೆ ಮೊಣಕಾಲುದ್ದ ಇದ್ದಲ್ಲಿ ಇಂದು ಆಳೆತ್ತರದ ಮಡು. ಸಂತೆಗೆ ಹೋದವರು, ಆಚೆ ದಡದಲ್ಲಿ ದನ ಬಿಟ್ಟವರು, ಬಾಣಂತಿಯನ್ನು ನೋಡಲು ಹೊರಟವರು ನೀರು ಇಳಿಯುವವರೆಗೆ ದಂಡೆಯಲ್ಲೇ ಕೂರಬೇಕು. ಕೂರಲಾರದವರು ದಾಟುತ್ತಾರೆ.

ದಾಟುವುದಕ್ಕೂ ಕ್ರಮವಿತ್ತು. ಸೇರಬೇಕಾದ ಜಾಗಕ್ಕೆ ನೇರ ಎದುರಿಗೆ ನೀರಿಗಿಳಿಯಬಾರದು. ದಂಡೆಗುಂಟ ಮೇಲಕ್ಕೆ ನಡೆದು, ಅಲ್ಲಿ ಇಳಿದು, ಸೆಳವಿಗೆ ಮೈಕೊಟ್ಟು ಓರೆಯಾಗಿ ತೇಲುತ್ತ ಎದುರು ದಡ ಹಿಡಿಯಬೇಕು. ನೀರಿನ ಜೊತೆ ಜಗಳವಾಡಿದವನು ಸೋಲುತ್ತಾನೆ. ಉಟ್ಟ ಬಟ್ಟೆ ತಲೆಗೆ ಸುತ್ತಿಕೊಳ್ಳಬೇಕು. ಆಳ ಕಡಿಮೆಯಿದ್ದರೆ ನಾಲ್ಕೈದು ಮಂದಿ ಕೈ ಕೈ ಹಿಡಿದು, ಗಟ್ಟಿಗನನ್ನು ಸೆಳವಿನ ಕಡೆಗೆ ಬಿಟ್ಟು ಸಾಲಾಗಿ ನಡೆಯಬೇಕು. ಆಳ ಹೆಚ್ಚಿದ್ದರೆ ಎತ್ತನ್ನೋ ಎಮ್ಮೆಯನ್ನೋ ಮುಂದೆ ಬಿಟ್ಟು ಬಾಲ ಹಿಡಿಯಬೇಕು, ಈಜಲು ಅವಕ್ಕೆ ಯಾರೂ ಕಲಿಸಬೇಕಿಲ್ಲ. ದೇವರ ಎತ್ತುಗಳನ್ನು ಸಾಕಿಕೊಂಡು ಬಂದ ಮ್ಯಾಸಬೇಡರಿಗೂ ಕಾಡುಗೊಲ್ಲರಿಗೂ ಇದು ಬಾಳಿನ ಪಾಠ. ಮೇವು ಹುಡುಕಿ ಹೋದ ಹಿಂಡು ಮಳೆಗಾಲದಲ್ಲಿ ಹೊಳೆಯ ತಪ್ಪು ದಡದಲ್ಲಿ ಸಿಕ್ಕಿಕೊಳ್ಳುವುದು ಅವರಿಗೆ ಹೊಸತಲ್ಲ.

ದನಗಾಹಿಗಳಿಗೆ ತುಂಬಿದ ಹೊಳೆ ಎಂಥ ಭಯದ ವಸ್ತುವಾಗಿತ್ತೆಂಬುದು ಅವರ ವಲಸೆಯ ಕಥೆಗಳಲ್ಲಿ ಕಾಣುತ್ತದೆ. ಉತ್ತರದಿಂದ ತಮಿಳುನಾಡಿಗೆ ಇಳಿದುಹೋದ ಕಂಬಳತ್ತಾರರ ಕಥೆಯೊಂದನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಅಚ್ಚಾದ ತನ್ನ ಜಾತಿ–ಬುಡಕಟ್ಟುಗಳ ಗ್ರಂಥದಲ್ಲಿ ದಾಖಲಿಸಿದ್ದಾನೆ. ಬೆನ್ನಟ್ಟಿ ಬಂದವರಿಂದ ಓಡುತ್ತಿದ್ದ ಕುಲಕ್ಕೆ ಆಳವಾದ ಹೊಳೆ ಅಡ್ಡಬಂತು. ಆಗ ದಡದ ಹೊಂಗೆಮರಗಳು ಬಾಗಿ ಸೇತುವೆಯಾದವು, ಅಂದಿನಿಂದ ಹೊಂಗೆ ಅವರಿಗೆ ಪೂಜ್ಯ. ಗಮನಿಸಬೇಕಾದದ್ದು, ಆ ಕಥೆಯಲ್ಲಿ ಈಜಿ ದಾಟಿದ ವೀರನಿಲ್ಲ. ಕಡಲ ತೀರದ ಜನ ಇಂಥ ಕಥೆ ಕಟ್ಟಿದ್ದರೆ ಮರಕ್ಕೆ ಬಾಗುವ ತೊಂದರೆ ಕೊಡುತ್ತಿದ್ದರೋ ಇಲ್ಲವೋ.

ದೋಣಿ ಇರಲಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ತುಂಗಭದ್ರೆಯ ಕಡೆಗಿದೆ. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿಯ ಹರಿಗೋಲುಗಳನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ಗುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಾರೆ, ನೇರ ಹೋಗಲಾರದೆ ಸುತ್ತುತ್ತಲೇ ಸಾಗುತ್ತವೆ. ಕುದುರೆ, ಎತ್ತುಗಳು ಹೆಚ್ಚಾಗಿ ಈಜಿಯೇ ದಾಟುತ್ತವೆಂದೂ ಆತ ಬರೆದಿದ್ದಾನೆ. ಹರಿಗೋಲಿನ ಕಸುಬು ನಿಲ್ಲುವುದು ವರ್ಷವಿಡೀ ನೀರಿರುವ ಹೊಳೆಯಲ್ಲಿ. ವರ್ಷಕ್ಕೆ ಹತ್ತು ದಿನ ಹರಿಯುವ ಹೊಳೆಯ ದಡದಲ್ಲಿ ಅಂಬಿಗ ಸಂಸಾರ ಹೂಡಲಾರ. ಹಗರಿಯ ದಂಡೆಯ ಜನಕ್ಕೆ ಉಳಿದದ್ದು ಬೆಂಡು, ಎತ್ತಿನ ಬಾಲ, ಇಲ್ಲವೆ ಕಾಯುವ ಸಹನೆ.

1876–78ರ ದೊಡ್ಡ ಬರದಲ್ಲಿ ಈ ಸಹನೆಯೂ ಕೆಲಸಕ್ಕೆ ಬರಲಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆ ನೆನಪು ಹಸಿಯಿರುವಾಗಲೇ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಆಡಳಿತದ ಕೊನೆಯ ವರ್ಷಗಳಲ್ಲಿ, ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆ ಕಟ್ಟುವ ಕೆಲಸ ಶುರುವಾಯಿತು. 1907ರಲ್ಲಿ ಮುಗಿದ ಅಣೆಕಟ್ಟಿಗೆ ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯ ಹೆಸರು ಸೇರಿ ಅದು ವಾಣಿವಿಲಾಸ ಸಾಗರವಾಯಿತು. ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಜಲಾಶಯದ ಪೂರ್ಣಮಟ್ಟ 130 ಅಡಿ. ಹಿರಿಯೂರಿನ ಅಚ್ಚುಕಟ್ಟಿಗೆ ಅದು ವರವಾಯಿತು, ಕೆಳಗಿನ ಚಳ್ಳಕೆರೆಗೆ ಹೊಳೆ ಇನ್ನಷ್ಟು ಅಪರೂಪವಾಯಿತು. 1933ರಲ್ಲಿ ಒಮ್ಮೆ ಜಲಾಶಯ ತುಂಬಿ ಕೋಡಿ ಹರಿಯಿತು. ಮತ್ತೆ ಹರಿಯುವುದಕ್ಕೆ 89 ವರ್ಷ ಬೇಕಾಯಿತು. ನಡುವಿನ ಎರಡು ಮೂರು ತಲೆಮಾರಿಗೆ ಕೋಡಿ ಅಜ್ಜ ಹೇಳಿದ ಸುದ್ದಿ.

ಇದೇ ಕಾಲದಲ್ಲಿ ಹೊರಗಿನ ಲೋಕದಲ್ಲಿ ತೆರೆದ ನೀರಿನ ಈಜು ಕ್ರೀಡೆಯಾಗಿ ಬೆಳೆಯುತ್ತಿತ್ತು. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಾಲುವೆ ದಾಟಿದ. 1958ರ ಸೆಪ್ಟೆಂಬರ್ 27ರಂದು ಮಿಹಿರ್ ಸೇನ್, 1959ರ ಸೆಪ್ಟೆಂಬರ್ 29ರಂದು ಆರತಿ ಸಾಹಾ ಅದೇ ಕಾಲುವೆಯನ್ನು ಈಜಿ ಭಾರತದ ಹೆಸರು ಬರೆಸಿದರು. ಇಬ್ಬರೂ ಬಂಗಾಳಿಗಳು. ನದಿಯ ಪಂದ್ಯಗಳಲ್ಲಿ ಹೆಸರಾದದ್ದೂ ಬಂಗಾಳದ್ದೇ: ಮುರ್ಷಿದಾಬಾದ್ ಜಿಲ್ಲೆಯಲ್ಲಿ ಭಾಗೀರಥಿಯ ಹರಿವಿನ ಜೊತೆ ಜಂಗೀಪುರದಿಂದ ಬಹರಂಪುರದವರೆಗೆ 81 ಕಿಲೋಮೀಟರ್. ದೂರದ ತೆರೆದ ನೀರಿನ ಈಜು 10 ಕಿಲೋಮೀಟರ್ ಸ್ಪರ್ಧೆಯಾಗಿ ಒಲಿಂಪಿಕ್ಸ್ ಸೇರಿದ್ದು 2008ರ ಬೀಜಿಂಗ್‌ನಲ್ಲಿ. 2024ರಲ್ಲಿ ಪ್ಯಾರಿಸ್‌ನ ಸೆನ್ ನದಿಯಲ್ಲಿ ಅದು ನಡೆದಾಗ, ಹರಿವಿಗೆ ಎದುರಾಗಿ ಈಜುವ ಸುತ್ತಿನಲ್ಲಿ ಸ್ಪರ್ಧಿಗಳು ದಡದ ಗೋಡೆಗೆ ಅಂಟಿಕೊಂಡು ಸಾಗಿದರು. ಅಲ್ಲಿ ಸೆಳವು ಕಡಿಮೆ. ಹಗರಿ ದಾಟಿದವರಿಗೆ ಈ ವಿದ್ಯೆಯನ್ನು ಹೊಸದಾಗಿ ಹೇಳಿಕೊಡಬೇಕಿರಲಿಲ್ಲ.

ಕರ್ನಾಟಕದ ಮಟ್ಟಿಗೆ ತೆರೆದ ನೀರಿನ ಸಾಹಸ ಹೆಚ್ಚಾಗಿ ಕರಾವಳಿಯದು. 2021ರ ಜನವರಿಯಲ್ಲಿ ಉಡುಪಿಯ ಗಂಗಾಧರ ಕಡೆಕಾರ್ ಅರವತ್ತು ದಾಟಿದ ವಯಸ್ಸಿನಲ್ಲಿ ಪದ್ಮಾಸನದಲ್ಲಿ ಕಾಲಿಗೆ ಸರಪಳಿ ಬಿಗಿದುಕೊಂಡು ಪಡುಕೆರೆಯ ಕಡಲಲ್ಲಿ 1,400 ಮೀಟರ್ ಈಜಿದರು. ಕೊಳದ ಈಜಿನಲ್ಲಿ ರಾಜ್ಯಕ್ಕೆ ಹೆಸರು ತಂದದ್ದು ಬೆಂಗಳೂರು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್‌ರಿಂದ ಶ್ರೀಹರಿ ನಟರಾಜ್‌ವರೆಗೆ ಎಷ್ಟೋ ಜನ ಅಲ್ಲಿ ತಯಾರಾದರು. ನದಿಯಿಲ್ಲದ ನಗರ ಈಜುಗಾರರ ತವರಾಯಿತು, ಏಕೆಂದರೆ ಅಲ್ಲಿ ಕೊಳ, ಗುರು, ಶುಲ್ಕ ಕಟ್ಟುವ ತಂದೆತಾಯಿ ಇದ್ದರು. ನದಿಯ ಹೆಸರಾದರೂ ಇದ್ದ ಸೀಮೆಗೆ ಈ ಮೂರೂ ಒದಗಲಿಲ್ಲ.

ಅಷ್ಟರಲ್ಲಿ ಬಾವಿಯ ಶಾಲೆಯೂ ಮುಚ್ಚಿತು. ಕಪಿಲೆಯ ಜಾಗಕ್ಕೆ ಪಂಪ್‌ಸೆಟ್ ಬಂದಾಗ ನೀರು ಮೊದಲ ಸಲ ಎತ್ತಿನ ದಣಿವನ್ನು ಮೀರಿ ಹೊರಬಂತು. ಎತ್ತು ಸಂಜೆಗೆ ನಿಲ್ಲುತ್ತಿತ್ತು, ಬಾವಿ ರಾತ್ರಿ ಮತ್ತೆ ತುಂಬಿಕೊಳ್ಳುತ್ತಿತ್ತು. ಮೋಟರಿಗೆ ಕರೆಂಟು ಇರುವವರೆಗೂ ದಣಿವಿಲ್ಲ. ಬಾವಿಯ ನೀರು ಇಳಿಯಿತು, ಬಾವಿಯೊಳಗೇ ಅಡ್ಡ ಬೋರು, ಉದ್ದ ಬೋರು ಕೊರೆದರು. ಆಮೇಲೆ ಬಾವಿಯನ್ನೇ ಬಿಟ್ಟು ಹೊಲದಲ್ಲಿ ನೂರಾರು ಅಡಿ ಕೊಳವೆಬಾವಿಗಳು ಇಳಿದವು. ಚಳ್ಳಕೆರೆ ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಗೆ ಸೇರಿತು. ಆರಿಂಚು ಅಗಲದ ತೂತಿಗೆ ಯಾವ ಮಗುವೂ ಡೈ ಹೊಡೆಯಲಾರದು. ತೆರೆದ ಬಾವಿಗಳು ಕಸ ತುಂಬಿ, ಜಾಲಿ ಬೆಳೆದು, ಕಟ್ಟೆ ಕುಸಿದು ಉಳಿದಿವೆ. ಹೊಳೆಯ ಮರಳನ್ನು ಲಾರಿಗಳು ಹೊತ್ತೊಯ್ದದ್ದು ಇದರ ಜೊತೆಗೇ ನಡೆದ ಇನ್ನೊಂದು ಕಥೆ. ಮರಳು ಹೋದಲ್ಲಿ ಚಿಲುಮೆ ನಿಂತಿತು, ಅಗೆದ ಗುಂಡಿಗಳು ಮಳೆ ಬಂದಾಗ ಮೇಲೆ ಸಪಾಟಾಗಿ ಕಾಣುವ ಮಡುಗಳಾದವು.

ನೀರು ಮರಳಿ ಬಂದದ್ದು ಈಜು ಮರೆತ ಮೇಲೆ. 2019ರಿಂದ ಭದ್ರೆಯ ನೀರು ಅಜ್ಜಂಪುರದ ಬಳಿಯ ಸುರಂಗ ಹಾದು ವಾಣಿವಿಲಾಸ ಸಾಗರಕ್ಕೆ ಬರತೊಡಗಿತು. ವೇದಾವತಿಗೆ ಅಡ್ಡಲಾಗಿ ಚಳ್ಳಕೆರೆ ತಾಲ್ಲೂಕಿನಲ್ಲಿ ಕಟ್ಟಿದ ಬ್ಯಾರೇಜುಗಳನ್ನು ತುಂಬಿಸಲು ಜಲಾಶಯದಿಂದ ನೀರು ಬಿಟ್ಟಾಗ, ಮರಳ ಹಾಸಿನ ಮೇಲೆ ಬೇಸಿಗೆಯಲ್ಲೂ ನೀರು ನಿಂತದ್ದನ್ನು ಜನ ಕಂಡರು. 2022ರ ಸೆಪ್ಟೆಂಬರ್‌ನಲ್ಲಿ ಜಲಾಶಯ ಎರಡನೆಯ ಬಾರಿ ಕೋಡಿ ಬಿತ್ತು. ನೋಡಲು ಜಿಲ್ಲೆಯೇ ಮಾರಿಕಣಿವೆಗೆ ಹರಿದುಬಂತು. ಕೆಳಗೆ ದಂಡೆಯ ಹೊಲಗಳಿಗೆ ನೀರು ನುಗ್ಗಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. 89 ವರ್ಷ ಕಾಯಿಸಿದ ನೀರು ಈ ಸಲ ಮೂರೇ ವರ್ಷದೊಳಗೆ ಬಂತು. ಮೊಳಕಾಲ್ಮೂರಿನ ಕಡೆ ಚಿನ್ನಹಗರಿಯ ರಂಗಯ್ಯನದುರ್ಗ ಜಲಾಶಯ ಮಾತ್ರ ಇಂದಿಗೂ ಮಳೆಯನ್ನೇ ನೆಚ್ಚಿಕೊಂಡಿದೆ.

ನಿಂತ ನೀರು ಒದಗಿದರೂ ಬ್ಯಾರೇಜಿನ ನೀರು ಹಳೆಯ ಬಾವಿಯ ನೀರಲ್ಲ. ಅದಕ್ಕೆ ಕಟ್ಟೆಯಿಲ್ಲ, ಮೆಟ್ಟಿಲಿಲ್ಲ, ಮೇಲೆ ಹಗ್ಗ ಹಿಡಿದು ನಿಂತವರಿಲ್ಲ. ತಳದಲ್ಲಿ ಮರಳುಗುಂಡಿ, ಬಳ್ಳಾರಿ ಜಾಲಿಯ ಬೊಡ್ಡೆ. ರಜೆಯ ದಿನ ಅಲ್ಲಿಗೆ ಇಳಿಯುವ ಹುಡುಗರ ತಾತಂದಿರಿಗೆ ಈಜು ಬರುತ್ತಿತ್ತು, ತಂದೆಯರಿಗೆ ಅರ್ಧ ಬರುತ್ತಿತ್ತು. ಒಂದು ಕಾಲಕ್ಕೆ ತೂಬಿನ ಕಂಬದವರೆಗೆ ಈಜಿ ಬಿರಡೆ ಎತ್ತುತ್ತಿದ್ದ ನೀರುಗಂಟಿಯ ಕೆಲಸವನ್ನು ಈಗ ಏರಿಯ ಮೇಲೆ ನಿಂತು ತಿರುಗಿಸುವ ಕಬ್ಬಿಣದ ಗೇಟಿನ ಚಕ್ರ ಮಾಡುತ್ತದೆ.